ಎಡಗೈ ಡೆಬಿಟ್, ಬಲಗೈ ಕ್ರೆಡಿಟ್

ಲೆಕ್ಕಪತ್ರ ಪರೀಕ್ಷೆಯ ನಿಯಂತ್ರಕರಾದ ಮಾನ್ಯರೇ,

ತಮ್ಮ ತರಬೇತಿ ಕೇಂದ್ರದ ಬೋಧಕರು ನನ್ನ ತಂಗಿಯ ಬಲಗೈಯ ಎರಡು ಬೆರಳು ಮುರಿದಿದ್ದಾರೆ. ತಮ್ಮ ಕಚೇರಿ ಅದನ್ನು ‘ಮೆಟ್ಟಿಲಿನಿಂದ ಜಾರಿ ಬಿದ್ದ ಪ್ರಕರಣ’ ಎಂದು ದಾಖಲಿಸಿಕೊಂಡಿದೆ. ಮೆಟ್ಟಿಲೇ ಇಲ್ಲದ ನೆಲಮಹಡಿಯ ಕೋಣೆಯಲ್ಲಿ ಆಕೆ ಎಲ್ಲಿಂದ ಜಾರಿದಳೆಂದು ತಾವೇ ಬಂದು ತೋರಿಸಿಕೊಟ್ಟರೆ ಉಪಕಾರವಾದೀತು.

ಆ ಕೋಣೆಯ ಪದ್ಧತಿ ತಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಇನ್ನೂ ನಾಚಿಕೆಗೇಡು. ಪುಸ್ತಕದ ಎಡ ಮಗ್ಗುಲಿನ ಡೆಬಿಟ್ ತಪ್ಪಿದರೆ ಎಡಗೈ, ಬಲ ಮಗ್ಗುಲಿನ ಕ್ರೆಡಿಟ್ ತಪ್ಪಿದರೆ ಬಲಗೈ. ತಪ್ಪಿದವರು ತಾವೇ ಎದ್ದು ಬಂದು ಆಯಾ ಕೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಬೇಕು. ಕಬ್ಬಿಣದ ರೂಲು ಬೆರಳಿನ ಗಂಟಿನ ಮೇಲೇ ಬೀಳುತ್ತದೆ. ಕೈ ಹಿಂದಕ್ಕೆಳೆದರೆ ಏಟು ದುಪ್ಪಟ್ಟು. ಮಕ್ಕಳೊಂದಿಗರಾದ ಗುಮಾಸ್ತರೂ ಹೀಗೆ ಕೈಯೊಡ್ಡಿ ನಿಲ್ಲುತ್ತಾರೆ. ಬಡ್ತಿ ಬೇಕಲ್ಲ, ಪಾಸಾಗಬೇಕಲ್ಲ.

ತಂಗಿಯ ಅಪರಾಧವೇನು? ಬಟ್ಟೆ ವ್ಯಾಪಾರಿಯೊಬ್ಬ ತನ್ನ ಕಚೇರಿಗೆ ಮೇಜು ಕೊಂಡ ಎಂಬ ಪ್ರಶ್ನೆಯಲ್ಲಿ ಆಕೆ ಮೇಜನ್ನು ಖರೀದಿ ಖಾತೆಗೆ ಹಾಕಿದಳು. ಮಾರಲು ಕೊಂಡದ್ದು ಖರೀದಿ, ಬಳಸಲು ಕೊಂಡದ್ದು ಆಸ್ತಿ. ಮೊದಲ ಪಾಠವೇ ಅದು, ತಪ್ಪು ಒಪ್ಪಿದೆ. ಆದರೆ ನನ್ನದು ಮೇಜು ಕುರ್ಚಿಗಳ ಅಂಗಡಿ, ಅದರ ಲೆಕ್ಕ ಬರೆಯುವವಳು ಅವಳೇ. ನಮ್ಮಲ್ಲಿ ಮೇಜು ಬಂತೆಂದರೆ ಮಾರುವುದಕ್ಕೇ ಬಂತು. ರೂಢಿಯ ಕೈ ಅದನ್ನೇ ಬರೆಯಿತು.

“ಸರ್, ನಮ್ಮಂಗಡೀಲಿ...” ಎಂದು ಬಾಯಿ ತೆರೆದಳಂತೆ.

“ನಿಮ್ಮಂಗಡಿ ಪುರಾಣ ಇಲ್ಲಿ ಬೇಡಮ್ಮ. ಕೈ ಇಡು.”

ಕೊಂಡದ್ದನ್ನು ಬರೆಯುವುದು ಡೆಬಿಟ್ಟಿಗೆ, ಹಾಗಾಗಿ ಎಡಗೈ ಇಟ್ಟಳು. ಅದು ಹಿಂದಿನ ದಿನದ ಏಟಿಗೇ ಬನ್ನಿನ ಹಾಗೆ ಊದಿಕೊಂಡಿತ್ತು.

“ಇದ್ರಲ್ಲಿ ಜಾಗ ಇಲ್ಲ. ಆ ಕಡೇದು ಇಡು,” ಎಂದರಂತೆ. ಮೂಳೆ ಮುರಿದ ಸದ್ದು ಕೊನೆಯ ಬೆಂಚಿಗೂ ಕೇಳಿಸಿತಂತೆ. ಯಾರೂ ಏಳಲಿಲ್ಲ.

ಮರುದಿನ ನಾನು ಹೋದೆ. ಕೊರಳಪಟ್ಟಿ ಹಿಡಿದು ಅವರನ್ನು ಅವರದೇ ಕರಿಹಲಗೆಗೆ ಅಪ್ಪಳಿಸಿದೆ. ಮೂಗಿನಲ್ಲಿ ರಕ್ತ ಬರುವವರೆಗೂ ಬಿಡಲಿಲ್ಲ. ಅಲ್ಲಗಳೆಯುವುದಿಲ್ಲ, ಈಗಲೂ ಕೈ ತುರಿಸುತ್ತದೆ. ಅದಕ್ಕಾಗಿ ನನ್ನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದೀರಿ, ಸಂತೋಷ. ಪ್ರತಿ ವ್ಯವಹಾರಕ್ಕೂ ಎರಡು ಮುಖ, ಎರಡನ್ನೂ ಬರೆಯಬೇಕು ಎಂದು ಕಲಿಸುವ ಕಚೇರಿ ನಾನು ಕೊಟ್ಟ ಏಟನ್ನು ಬರೆದು, ಆಕೆ ತಿಂದ ಏಟನ್ನು ನುಂಗಿದ್ದೇಕೆ? ಅಭ್ಯರ್ಥಿಯೊಬ್ಬ ಹೀಗೆ ಒಂದೇ ಮಗ್ಗುಲು ಬರೆದರೆ ತಾವು ಎಷ್ಟು ಅಂಕ ಕೊಡುತ್ತೀರಿ? ಯಾವ ಕೈಗೆ ಹೊಡೆಸುತ್ತೀರಿ?

ಪರೀಕ್ಷೆ ಮುಂದಿನ ತಿಂಗಳು. ಆಕೆ ಹೇಳಿದ್ದನ್ನು ಬರೆದುಕೊಡಲು ಒಬ್ಬ ಸಹಾಯಕರು ಬೇಕೆಂದು ಕೇಳಿದರೆ, ಅಭ್ಯರ್ಥಿ ಸ್ವಹಸ್ತದಿಂದಲೇ ಅರ್ಜಿ ಬರೆಯತಕ್ಕದ್ದು ಎಂದು ತಮ್ಮ ಗುಮಾಸ್ತರು ನಿಯಮ ಓದಿದರು. ಬರೆಯುವ ಕೈ ಇದ್ದಿದ್ದರೆ ಸಹಾಯಕರು ಯಾಕೆ ಸ್ವಾಮಿ?

ಆಕೆಗೆ ಬರೆಯುವವರನ್ನು ಕೊಡಿ. ಆ ಮನುಷ್ಯನನ್ನು ತರಗತಿಯಿಂದ ಆಚೆ ಹಾಕಿ. ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಪತ್ರ ಓದಿದ ತಂಗಿ, “ಬೇಡ ಅಣ್ಣ, ಕಳಿಸ್ಬೇಡ. ಪೇಪರ್ ತಿದ್ದೋರೂ ಅವ್ರೇ,” ಎಂದಳು.

ಕಳಿಸುತ್ತಿದ್ದೇನೆ. ಆಕೆಯ ಉತ್ತರಪತ್ರಿಕೆ ಆ ಮನುಷ್ಯನ ಕೈಗೆ ಹೋಗಕೂಡದು. ಹೋದರೆ ನಾನೂ ಮತ್ತೆ ಆ ಕೋಣೆಗೆ ಹೋಗುತ್ತೇನೆ, ಮೂಗಿಗೇ ನಿಲ್ಲಿಸುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಆರೋಪಿ,
ಮನೆಯಲ್ಲಿ ತಂಗಿಗೆ ಜಡೆ ಹೆಣೆಯಲು ಈಗಷ್ಟೇ ಕಲಿಯುತ್ತಿರುವ ಅಣ್ಣ