ಕಾರ್ಖಾನೆಯ ಕೆಂಪು, ಕಂಪನಿಯ ನೇರಳೆ

ಮೆಹದಿಪಟ್ಟಣಂ, ಹೈದರಾಬಾದ್
೧೬ ನವೆಂಬರ್ ೨೦೦೩

ಬೀದರಿನ ಅಣ್ಣನ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಕುಳಿತಿರುವ ಮಹೇಶಕುಮಾರ ಅವರಿಗೆ ಸ್ನೇಹಲತಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಹಳೆಯ ಗಾಡಿಗಳನ್ನು ಹೊಸದು ಮಾಡುವ ನಮ್ಮ ಶೆಡ್ಡೂ ಚೆನ್ನಾಗಿದೆ. ನೀವು ಹೋಗಿ ಇವತ್ತಿಗೆ ಮೂವತ್ತೊಂದು ದಿನ. ಅಕ್ಕಪಕ್ಕದ ಅಂಗಡಿಯವರು ಕೇಳಿದರೆ, ಅಣ್ಣನ ಮನೆಯ ಸುಣ್ಣಬಣ್ಣಕ್ಕೆ ಹೋಗಿದ್ದಾರೆ ಎಂದು ಹೇಳಿದ್ದೇನೆ. ಬಂದರೆ ನೀವೂ ಅದನ್ನೇ ಹೇಳಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಬೇಗಂಪೇಟೆಯ ಹಳೆಯ ಬಂಗಲೆಯಿಂದ ತಂದ ಆ ತೋಟದ ಟ್ರ್ಯಾಕ್ಟರ್, ಹುಲ್ಲು ಕತ್ತರಿಸಲೆಂದೇ ಮಾಡಿದ ಎಮ್ಮೆಕರುವಿನಷ್ಟು ಎತ್ತರದ ಗಾಡಿ, ಅದಕ್ಕೆ ನೀವು ಎರಡು ತಿಂಗಳು ದುಡಿದಿರಿ. ಯಾರ್ಯಾರೋ ಬಳಿದಿದ್ದ ಮೂರು ಪದರ ಬಣ್ಣವನ್ನು ಉಜ್ಜಿ ತೆಗೆದು, ತಳದಲ್ಲಿದ್ದ ಕಾರ್ಖಾನೆಯ ಕೆಂಪನ್ನು ಗಾಯವಾಗದಂತೆ ಹೊರಗೆ ತಂದಿರಿ. ನೀವು ಬಿಡಿಭಾಗಕ್ಕೆಂದು ರಾಣಿಗಂಜಿಗೆ ಹೋಗಿದ್ದ ದಿನ ಪೂರ್ವಿ ಬಂದಳು. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯೊಂದರ ಹೊಸ ಕಟ್ಟಡದ ಉಸ್ತುವಾರಿ ಅವಳದು. ಕಟ್ಟಡದ ಮುಂದಿನ ಹುಲ್ಲಿನ ಮೇಲೆ ಈ ಗಾಡಿ ನಿಲ್ಲಬೇಕು, ಅದೂ ಅವರ ಕಂಪನಿಯ ನೇರಳೆ ಬಣ್ಣದಲ್ಲಿ ಎಂದಳು. ನಿಮ್ಮನ್ನು ಕೇಳದೆ ನಾನು ಹೂಂ ಅಂದೆ. ಸಂಜೆ ನೀವು ಬಂದಾಗ ಹೇಳಿದೆ.

“ಇದರ ಮೈಮ್ಯಾಲೆ ನೇರಳೆ ಬಿತ್ತಂದ್ರ ನಾ ಈ ಶೆಡ್ಡಿನ್ಯಾಗ ಇರಂಗಿಲ್ಲ” ಅಂದಿರಿ. “ಇರಬ್ಯಾಡ್ರಿ” ಅಂದೆ. ನೀವು ನಿಜವಾಗಿಯೂ ಹೋಗುತ್ತೀರಿ ಅಂದುಕೊಂಡಿರಲಿಲ್ಲ.

ಮರುದಿನ ಹಟದಿಂದ ಬಾನೆಟ್ಟಿಗೆ ನೇರಳೆ ಹೊಡೆದೆ. ಸುಳ್ಳು ಹೇಳುವುದಿಲ್ಲ, ಬಣ್ಣ ಭಾಳ ಚಂದ ಕೂತಿತ್ತು, ಎಲ್ಲೂ ಒಂದು ಹನಿ ಇಳಿದಿರಲಿಲ್ಲ. ಆಮೇಲೆ ಸೀಟು ಬಿಚ್ಚಿದೆ. ಅದರ ಕೆಳಗಿನ ತಗಡಿನ ಮೇಲೆ, ನೀವೂ ನೋಡಿರದ ಜಾಗದಲ್ಲಿ, ಕೆಂಪು ಬಣ್ಣದೊಳಗೆ ಒಂದು ಹೆಬ್ಬೆರಳಿನ ಗುರುತು ಒಣಗಿ ಕೂತಿತ್ತು. ಹಸಿ ಬಣ್ಣ ಹಿಡಿಯಿತೋ ಇಲ್ಲವೋ ಅಂತ ನಾನು ದಿನಾ ಒತ್ತಿ ನೋಡುತ್ತೇನಲ್ಲ, ಥೇಟ್ ಹಾಗೆಯೇ. ನಲವತ್ತು ವರ್ಷದ ಹಿಂದೆ ಎಲ್ಲೋ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸವನ್ನೇ ಮಾಡುತ್ತಿದ್ದ ಯಾರೋ ಒಬ್ಬರು. ಸ್ಪ್ರೇ ಗನ್ ಕೈಯಲ್ಲಿತ್ತು. ಒತ್ತಲು ಮನಸ್ಸಾಗಲಿಲ್ಲ, ಕೆಳಗಿಟ್ಟೆ.

ಆದರೆ ಅಳುತ್ತಾ ನಿಮಗೆ ಫೋನು ಮಾಡಲಿಲ್ಲ. ಪೂರ್ವಿಗೆ ಮಾಡಿದೆ.

ಅವಳು ಬಂದು ಗುರುತು ನೋಡಿದಳು, ತನ್ನ ಹೆಬ್ಬೆರಳು ಅದರ ಮೇಲಿಟ್ಟು ಅಳೆದಳು. ಇದನ್ನು ಕೆಂಪಾಗಿಯೇ ಬಿಡೋಣವೇ ಎಂದು ಕೇಳಿದೆ. “ಅಕ್ಕಾ, ಚೆನ್ನಾಗೇನೋ ಇದೆ, ಆದ್ರೆ ಉದ್ಘಾಟನೆ ದಿನ ನಮ್ಮ ದೊಡ್ಡವರು ಕೆಂಪು ನೋಡಿದ್ರೆ ನನ್ನ ಕೆಲಸ ಹೋಗುತ್ತೆ” ಅಂದಳು.

“ಹಂಗಾದ್ರ ಇದು ನಿಮಗಲ್ಲ. ನಿಮಗ ಇನ್ನೊಂದು ಐತಿ, ನಡೀರಿ” ಅಂದೆ. ಅಂಬಣ್ಣನವರ ಗುಜರಿಗೆ ಕರೆದುಕೊಂಡು ಹೋದೆ. ಅಲ್ಲಿ ಅಂಥದೇ ಒಂದು ಬಿದ್ದಿತ್ತಲ್ಲ, ಬಾನೆಟ್ಟಿಲ್ಲ, ಸೀಟಿಲ್ಲ, ಹಳೆಯ ಬಣ್ಣ ಉಗುರಿನಷ್ಟೂ ಇಲ್ಲ, ಎಲ್ಲ ತುಕ್ಕು ತಿಂದಿದೆ. ಪೂರ್ವಿ ಮುಖ ಸಿಂಡರಿಸಿದಳು. ನಾನು ಹೇಳಿದೆ: ಇದರೊಳಗೆ ಉಳಿಸಬೇಕಾದದ್ದು ಏನೂ ಇಲ್ಲ, ಹಾಗಾಗಿ ಇದಕ್ಕೆ ಯಾವ ಬಣ್ಣ ಹೊಡೆದರೂ ಯಾರಿಗೂ ಅನ್ಯಾಯವಿಲ್ಲ. ಇದು ನೇರಳೆಯಲ್ಲೇ ಮೊದಲ ಸಲ ಚಂದ ಕಾಣಲಿ.

“ನೀವು ವ್ಯಾಪಾರ ಮಾಡ್ತಿದ್ದೀರೋ, ನನಗೆ ಪಾಠ ಹೇಳ್ತಿದ್ದೀರೋ?” ಎಂದು ನಕ್ಕಳು. ಎರಡೂ ಅಂದೆ. ಒಪ್ಪಿದಳು.

ಹದಿನೇಳು ದಿನದಲ್ಲಿ ಮುಗಿಸಿದೆ. ತಗಡು ಬಡಿಸಿ ಹೊಸ ಬಾನೆಟ್ಟು ಮಾಡಿಸಿದೆ, ಹೊಸ ಸೀಟು ಕೂರಿಸಿದೆ, ಪ್ರೈಮರ್ ಎರಡು ಸಲ, ನೇರಳೆ ಮೂರು ಸಲ. ಈಗ ಅದು ಅವರ ಹುಲ್ಲಿನ ಮೇಲೆ ನಿಂತಿದೆ, ಊಟದ ಹೊತ್ತಿಗೆ ಹುಡುಗರೆಲ್ಲ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಕಂಪನಿಯವರು ಕಿತ್ತಳೆ ಬಣ್ಣದ್ದು ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ಈ ಸಲ ನಿಮಗೆ ಹೇಳಿಯೇ ಒಪ್ಪಿಕೊಂಡಂತಾಯಿತು, ಓದುತ್ತಿದ್ದೀರಲ್ಲ.

ನಿಮ್ಮ ಕೆಂಪು ಟ್ರ್ಯಾಕ್ಟರ್ ಇಲ್ಲೇ ಇದೆ. ಬಾನೆಟ್ಟಿನ ನೇರಳೆಯನ್ನು ನೀರು ಹಾಕಿ, ನಯವಾದ ಉಪ್ಪುಕಾಗದದಿಂದ ನಾಲ್ಕು ದಿನ ಕೈಯಲ್ಲೇ ಉಜ್ಜಿ ತೆಗೆದೆ. ಅಂಗೈಯಗಲ ಒಂದು ಕಡೆ ನೇರಳೆಯ ಜೊತೆ ಕೆಂಪೂ ಹೋಯಿತು. ಅದನ್ನು ಮುಚ್ಚಿಡುವುದಿಲ್ಲ, ತುಂಬಿಯೂ ಇಲ್ಲ. ಆ ಕೆಂಪನ್ನು ನಾನೂ ಬೆರೆಸಬಲ್ಲೆ, ಕಣ್ಣು ನನಗೂ ಇದೆ. ಆದರೆ ಆ ಗಾಡಿ ನಿಮ್ಮದು, ನೀವು ಹೇಳದೆ ಇನ್ನು ಮುಟ್ಟುವುದಿಲ್ಲ.

ಬರುವುದಾದರೆ ಬನ್ನಿ. ಹಳೆಯ ಬಣ್ಣ ಉಳಿದಿರುವ ಗಾಡಿ ನಿಮ್ಮದು, ಏನೂ ಉಳಿಯದ್ದು ನನ್ನದು. ಯಾವುದು ಯಾರದು ಎಂದು ಇಬ್ಬರೂ ಕೂತು ನೋಡಿ ತೀರ್ಮಾನಿಸೋಣ, ನೀವೊಬ್ಬರೇ ಅಲ್ಲ, ನಾನೊಬ್ಬಳೇ ಅಲ್ಲ. ಇದಕ್ಕೆ ಒಪ್ಪಿಗೆ ಇಲ್ಲವೆಂದರೆ ಬೀದರಿನ ಹವಾ ಚೆನ್ನಾಗಿದೆ, ಇನ್ನೂ ನಾಲ್ಕು ದಿನ ಇರಿ.

ಅತ್ತಿಗೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ,
ಸ್ನೇಹಲತಾ

ತಾ.ಕ.: ಶೆಡ್ಡಿನ ಬೋರ್ಡು ಹೊಸದಾಗಿ ಬರೆಸಿದೆ. ಒಂಬತ್ತು ವರ್ಷದಿಂದ ನಿಮ್ಮ ಹೆಸರೊಂದೇ ಇತ್ತು, ಈಗ ಇಬ್ಬರದೂ ಇದೆ, ನನ್ನದು ಮೊದಲು. ಬರೆಯುವವನು ನಿಮ್ಮ ಹೆಸರು ಅಳಿಸಲೇನು ಎಂದು ಕೇಳಿದ. ಅವನನ್ನು ಎಷ್ಟು ಜೋರಾಗಿ ಬೈದೆನೆಂದರೆ, ಅಕ್ಕಪಕ್ಕದವರಿಗೆಲ್ಲ ನಿಮ್ಮ ಸುಣ್ಣಬಣ್ಣದ ನಿಜ ಗೊತ್ತಾಗಿಬಿಟ್ಟಿದೆ.