ಕೀಲುಂಗಿನ ಮನೆಗೆ ಬಣ್ಣ ಬಳಿದದ್ದು

ಕೀಲುಂಗ್,
30 ಜನವರಿ 2019, ಬುಧವಾರ
ನಮ್ಮ ಪಂಚಾಂಗದಲ್ಲಿ ಹನ್ನೆರಡನೆಯ ತಿಂಗಳ ಇಪ್ಪತ್ತೈದು

ಪ್ರೀತಿಯ ಅತ್ತೆಮ್ಮಾ,

ಕೆಮ್ಮು ಹೇಗಿದೆ? ಬೆಳಿಗ್ಗೆ ಏಳುವಾಗ ಎದೆಯಲ್ಲಿ ಇನ್ನೂ ಸಿಳ್ಳೆ ಕೇಳಿಸುತ್ತದೆಯೇ, ಇಲ್ಲಾ ದಕ್ಷಿಣದ ಕಾವ್‌ಶಿಯುಂಗಿನ ಬಿಸಿಲಿಗೆ ನಿಂತಿದೆಯೇ? ಎಡಮಂಡಿಗೆ ಮುಲಾಮು ಯಾರು ಹಚ್ಚುತ್ತಾರೆ? ನಾನು ಫೋನು ಮಾಡಿದರೆ ನಿಮ್ಮ ಕಿವಿಗೆ ಬೀಳುವುದಿಲ್ಲ. ಸುಚೆನ್ ಅಕ್ಕನೇ ತೆಗೆದುಕೊಂಡು, "ಅಮ್ಮ ಚೆನ್ನಾಗಿದ್ದಾಳೆ, ಉಂಡಳು, ಮಲಗಿದಳು" ಅಂತ ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅವರದೂ ತಪ್ಪಲ್ಲ, ಅವರಿಗೂ ಸಂಸಾರವಿದೆ. ಅದಕ್ಕೇ ಈ ಕಾಗದ. ಮೀನಿನ ಹರಾಜುಕಟ್ಟೆಯಲ್ಲಿ ಮೂವತ್ತು ವರ್ಷ ಚೀಟಿ ಬರೆದ ನೀವು ನನ್ನ ಅಕ್ಷರ ನೋಡಿ ನಗುತ್ತೀರಿ, ಗೊತ್ತು. ವಿಯೆಟ್ನಾಮಿನಿಂದ ಬಂದ ಸೊಸೆಯಂದಿರಿಗೆ ಸಂಜೆ ಶಾಲೆಯಲ್ಲಿ ಕಲಿಸಿದ ಅಕ್ಷರ, ಇಷ್ಟೇ ನೆಟ್ಟಗೆ ನಿಲ್ಲುವುದು. ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಐದರಿಂದ ಹನ್ನೊಂದೂವರೆತನಕ ತಿಂಡಿ ಅಂಗಡಿಯಲ್ಲಿ ಮೊಟ್ಟೆದೋಸೆ ಹುಯ್ಯುವುದು, ಆಮೇಲೆ ಮನೆ. ಇಲ್ಲಿ ಮಳೆ ನಿಂತಿಲ್ಲ. ಹೋದ ತಿಂಗಳು ಆರು ದಿನ ಬಿಸಿಲು ಕಂಡೆವು, ಅದನ್ನೇ ಬೀದಿಯವರೆಲ್ಲ ಹಬ್ಬದ ಹಾಗೆ ಹೇಳಿಕೊಂಡು ಓಡಾಡಿದರು. ನಿಮಗೆ ತಿಳಿಸಬೇಕಾದ ಒಂದು ಸುದ್ದಿಯಿದೆ. ನಾಲ್ಕು ತಿಂಗಳಿಂದ ಬಾಯಿ ಬಿಡದೆ ಇಟ್ಟುಕೊಂಡಿದ್ದೆ. ನಮ್ಮ ಮನೆಗೆ ಒಳಗೆಲ್ಲ ನಾನೇ ಬಣ್ಣ ಬಳಿದೆ. ನಡುಮನೆ, ಅಡುಗೆಮನೆ, ನಿಮ್ಮ ಕೋಣೆ, ನನ್ನ ಕೋಣೆ, ಬಚ್ಚಲಿಗೆ ಹೋಗುವ ಆ ಕತ್ತಲೆ ಓಣಿ, ಎಲ್ಲಾ. ನಿನ್ನೆ ರಾತ್ರಿ ಕೊನೆಯ ಗೋಡೆ ಮುಗಿಯಿತು.

ನೀವು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಹೋದ ಏಪ್ರಿಲಿನಲ್ಲಿ, ಗೋರಿ ಗುಡಿಸುವ ಹಬ್ಬ ಮುಗಿದು ಐದನೆಯ ದಿನ. ಡಾಕ್ಟರು ಗೋಡೆಯ ಬೂಷ್ಟು ಎದೆಗೆ ಇಳಿದಿದೆ ಅಂದರು, ಅಕ್ಕ ಮಾರನೆಯ ದಿನವೇ ಬಂದು ನಿಮ್ಮ ಬಟ್ಟೆ ತುಂಬಿದರು. "ಈ ಮನೇಲಿ ಇನ್ನೊಂದು ಚಳಿಗಾಲ ಇದ್ರೆ ಅಮ್ಮ ಉಳಿಯಲ್ಲ. ನಾಲ್ಕು ವರ್ಷದ ಹಿಂದೆ ತಮ್ಮನ್ನ ಕಳಕೊಂಡೆ, ಈಗ ಅಮ್ಮನ್ನೂ ಕಳಕೊಳ್ಳಲಾ?" ಅಂದರು ನನಗೆ. ಹಡಗು ಎಳೆಯುವ ಟಗ್ಗುದೋಣಿಯ ಇಂಜಿನ್ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಸಿದ ನನ್ನ ಗಂಡನಿಗೂ ಈ ಗೋಡೆಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ನೀವು ನಾಲ್ಕು ಮಹಡಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದಿರಿ. ಹಿಂದೆ ತಿರುಗಿ, "ಬಾಗಿಲು ಹಾಕ್ಕೋ" ಅಂದಿರಿ. ಅಷ್ಟೇ. ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದವರು ನಾವು. ಹಾಕಿಕೊಂಡ ಮೇಲೆ ಆ ಬಾಗಿಲಿನ ಒಳಗೆ ನಾನೊಬ್ಬಳೇ ಏನು ಮಾಡಬೇಕು ಅಂತ ತೋಚಲಿಲ್ಲ. ಬೇಸಿಗೆಯೆಲ್ಲ ಇಬ್ಬರಿಗಾಗುವಷ್ಟು ಅನ್ನ ಮಾಡಿ, ಮಿಕ್ಕಿದ್ದನ್ನು ಮರುದಿನ ಗಂಜಿ ಮಾಡಿ ಕುಡಿದೆ. ತೇವ ಹೀರುವ ಯಂತ್ರದ ಡಬ್ಬ ತುಂಬಿದಾಗ ಅದು ಕುಂಯ್ ಅನ್ನುತ್ತದಲ್ಲ, "ಬಂದೆ ಬಂದೆ" ಅಂತ ಅದಕ್ಕೆ ಉತ್ತರ ಕೊಡುವುದು ಅಭ್ಯಾಸವಾಯಿತು. ದಿನದಲ್ಲಿ ಮನೆಯೊಳಗೆ ನಾನು ಆಡುತ್ತಿದ್ದದ್ದು ಆ ಮಾತೊಂದೇ.

ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಒಬ್ಬ ಬಣ್ಣದವನನ್ನು ಕರೆಸಿದೆ. ಅವನು ನಡುಮನೆಯ ಗೋಡೆಗೆ ಬೆರಳು ಒತ್ತಿದ, ಅಂಗೈಯಗಲ ಗಾರೆ ಕಳಚಿ ಅವನ ಬೂಟಿನ ಮೇಲೆ ಬಿತ್ತು. "ಇದು ಗೋಡೆಗೆ ಬರೋ ಕ್ಯಾನ್ಸರ್ರು. ಮೇಲೆ ಬಣ್ಣ ಮುಚ್ಚಿ ಹೋಗ್ತೀನಿ, ಮುಂದಿನ ವರ್ಷ ಮತ್ತೆ ಕರೀತೀರಿ" ಅಂದ. ಮುಚ್ಚಿ ಹೋಗುವವರು ನನಗೆ ಬೇಡವಾಗಿತ್ತು. ಮೀನುಪೇಟೆಯ ಹಿಂದಿನ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅದೇ, ಬಾಯಲ್ಲಿ ಸದಾ ಹಲ್ಲುಕಡ್ಡಿ ಇಟ್ಟುಕೊಂಡಿರುವ ಶ್ಯೆ ಅಜ್ಜನದು. ನಾನು ಬಣ್ಣದ ಡಬ್ಬ ಕೇಳಿದರೆ ಅವರು ಪೊರಕೆ ಕೊಟ್ಟರು. "ರೋಗ ಗೋಡೆಯೊಳಗಿಲ್ಲ ಕಣಮ್ಮ, ನಿನ್ನ ತಲೆ ಮೇಲಿದೆ. ಮೊದಲು ತಾರಸಿ ಹತ್ತಿ ನೋಡು. ಬಣ್ಣ ಬಳಿಯೋದು ಕಟ್ಟಕಡೇ ಕೆಲಸ."

ಅವರು ಹೇಳಿದ್ದೇ ನಿಜ. ತಾರಸಿಯ ನೀರು ಹೋಗುವ ತೂತಿನಲ್ಲಿ ಎಲೆ, ಮಣ್ಣು, ನಿಮ್ಮ ಒಡೆದ ಹೂಕುಂಡದ ಚೂರು, ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಎಷ್ಟು ವರ್ಷದಿಂದ ಆ ನೀರು ನಿಂತು ನಮ್ಮ ಗೋಡೆಯೊಳಗೆ ಇಳಿಯುತ್ತಿತ್ತೋ. ಬಗ್ಗಿ ಕೈಹಾಕಿ ಬಗೆದೆ. ಅಕ್ಟೋಬರಿನಲ್ಲಿ ಸಿಕ್ಕ ನಾಲ್ಕು ಒಣದಿನದಲ್ಲಿ ಬಿರುಕು ತುಂಬಿ, ನೀರು ತಡೆಯುವ ಬಣ್ಣ ಮೂರು ಸಲ ಬಳಿದೆ. ಆಮೇಲೆ ಒಳಗೆ ಹೆರೆಯಲು ಶುರು. ಅತ್ತೆಮ್ಮಾ, ಬಣ್ಣ ಬಳಿಯುವುದು ಅಂದರೆ ಬಳಿಯುವುದಲ್ಲ, ಹೆರೆಯುವುದು. ಎರಡು ತಿಂಗಳು ಬರೀ ಹೆರೆದೆ. ಉಬ್ಬಿದ್ದನ್ನು ಕೆತ್ತುವುದು, ಬಿಳಿ ಉಪ್ಪನ್ನು ಉಜ್ಜುವುದು, ಒಣಗಲು ಬಿಡುವುದು, ಪುಟ್ಟಿ ತುಂಬುವುದು, ಉಪ್ಪುಕಾಗದ ಹಾಕಿ ತೀಡುವುದು. ಕೂದಲು, ರೆಪ್ಪೆ, ಮೂಗಿನ ಒಳಗೆ ಎಲ್ಲ ಬಿಳಿ ಪುಡಿ. ಕನ್ನಡಿಯಲ್ಲಿ ನೋಡಿಕೊಂಡರೆ ನಿಮ್ಮ ವಯಸ್ಸಿನವಳ ಹಾಗೆ ಕಾಣುತ್ತಿದ್ದೆ. ಸಾಮಾನು ತರಲು ಹೋದಾಗಲೆಲ್ಲ ಶ್ಯೆ ಅಜ್ಜ, "ಬಂದ್ಳು ನೋಡ್ರಪ್ಪಾ ಪೇಂಟರಮ್ಮ, ಹಿಟ್ಟಿನ ಗಿರಣಿಯಿಂದ ನೇರ ಬಂದ ಹಾಗಿದಾಳೆ" ಅಂತ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅನ್ನುವುದು. ಒಂದೊಂದು ಸಲ ಆ ಮಾತು ಕೇಳಲಿಕ್ಕೇ ಬೇಡದ ಮೊಳೆ ಕೊಳ್ಳಲು ಹೋಗಿದ್ದೇನೆ.

ಕೆಲಸ ಕಷ್ಟವಾಗಲಿಲ್ಲ. ಒಬ್ಬಳೇ ಮಾಡುವುದು ಕಷ್ಟವಾಯಿತು. ಏಣಿ ಹಿಡಿಯುವವರಿಲ್ಲ. ನನ್ನ ಕೋಣೆಯ ಬೀರುವನ್ನು ಕಾಲಿನ ಕೆಳಗೆ ಒದ್ದೆ ಗೋಣಿ ತುರುಕಿ, ಬೆನ್ನು ಕೊಟ್ಟು, ಒಂದು ಮಧ್ಯಾಹ್ನವಿಡೀ ತಳ್ಳಿ ನಾಲ್ಕು ಅಡಿ ಸರಿಸಿದೆ. ಒಂದು ದಿನ ಸೂರಿಗೆ ಬಳಿಯುವಾಗ ಕಣ್ಣಿಗೆ ಬಣ್ಣ ಬಿತ್ತು. ಕಣ್ಣು ಮುಚ್ಚಿಕೊಂಡು, ಗೋಡೆ ತಡವಿಕೊಂಡು ನಲ್ಲಿಯ ಹತ್ತಿರ ಹೋದೆ. ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು. ಕಣ್ಣು ತೊಳೆದುಕೊಂಡು ಬಂದು ನೋಡಿದರೆ ಓಣಿಯುದ್ದಕ್ಕೂ ನನ್ನ ಕೈಗುರುತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಕಣ್ಣುರಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ನೀವಿದ್ದಿದ್ದರೆ, "ನಿನ್ನ ಕೈಗೆ ಕಣ್ಣಿಲ್ಲ, ಕಣ್ಣಿಗೆ ಕೈಯಿಲ್ಲ" ಅನ್ನುತ್ತಿದ್ದಿರಿ. ಮೊದಲೆಲ್ಲ ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಕಿಟಕಿಯ ಪಕ್ಕದ ಗೆರೆ ಸೊಟ್ಟಗಾಗಿದೆ, ಸೊಟ್ಟಗಾಗಿದೆ ಅನ್ನಲು ಒಂದು ಜೀವ ಇಲ್ಲ.

ಬೀರುವಿನ ಹಿಂದಿನ ಗೋಡೆಯ ಸಂಗತಿ ಹೇಳುತ್ತೇನೆ. ನಾನು ಮದುವೆಯಾಗಿ ಬಂದಾಗ ನಮ್ಮ ಕೋಣೆಗೆ ಹಳದಿ ಬಣ್ಣವಿತ್ತು. ಆಗ ನನಗೆ ಇಪ್ಪತ್ತೊಂದು. ಮೂರು ವಾರ ಎಡೆಬಿಡದೆ ಮಳೆ, ಮಾತು ಬಾರದು, ಗಂಡ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಒಂದು ದಿನ ನಿಮ್ಮ ಮುಂದೆ, ಕಲಿತಿದ್ದ ನಾಲ್ಕು ಮಾತು ಜೋಡಿಸಿ, "ಈ ಬಣ್ಣ ಕಾಯಿಲೆಯವರ ಮುಖದ ಹಾಗಿದೆ" ಅಂದೆ. ನೀವು ಮೀನು ಕುಯ್ಯುತ್ತಿದ್ದಿರಿ. ತಲೆ ಎತ್ತದೆ, "ಗೋಡೆ ನೋಡೋಕೆ ಬಂದಿದ್ದೀಯೋ, ಸಂಸಾರ ಮಾಡೋಕೆ ಬಂದಿದ್ದೀಯೋ?" ಅಂದಿರಿ. ಒಂದು ವಾರದಲ್ಲಿ ಆ ದೊಡ್ಡ ಬೀರು ಬಂದು ಗೋಡೆಗೆ ಅಡ್ಡ ನಿಂತಿತು. ಮುಂದಿನ ವರ್ಷ ನನ್ನವರು ಉಳಿದ ಮೂರು ಗೋಡೆಗೆ ಬಿಳಿ ಬಳಿದರು. ಹಳದಿ ನನಗೆ ಮರೆತೇಹೋಯಿತು.

ಈ ಡಿಸೆಂಬರಿನಲ್ಲಿ ಬೀರು ಸರಿಸಿದಾಗ ಅದು ಅಲ್ಲಿತ್ತು. ಬಿಳಿಯ ಕೆಳಗಿಂದ ಇಣುಕಬಾರದಲ್ಲ, ಯಾವ ಪ್ರೈಮರ್ ಹಾಕಲಿ ಅಂತ ಕೇಳಲು ಒಂದು ಚಕ್ಕೆ ಕಿತ್ತು ಶ್ಯೆ ಅಜ್ಜನಿಗೆ ತೋರಿಸಿದೆ. ಅವರು ಹಲ್ಲುಕಡ್ಡಿ ಬಾಯಿಂದ ತೆಗೆದರು. "ಇದು ನಾನೇ ಕಲಸಿದ ಬಣ್ಣ. ನಿಮ್ಮತ್ತೆ ಮೂರು ಸಲ ವಾಪಸ್ ತಂದಿದ್ಳು. ತೀರಾ ತಿಳಿಯಾಯ್ತು, ಇನ್ನೂ ಬಿಸಿಲು ಬೇಕು ಅಂತ. ಮಗ ಕಡಲ ಮೇಲಿದ್ದ, ಹೆಣ್ಣು ಬರೋಕೆ ಐದೇ ದಿನ ಇತ್ತು. ಐವತ್ತೆಂಟರ ಹೆಂಗಸು, ಹರಾಜುಕಟ್ಟೆ ಕೆಲಸ ಮುಗಿಸಿ ಬಂದು ಇಡೀ ಕೋಣೆ ಒಬ್ಳೇ ಬಳಿದ್ಳು. ಯಾಕಮ್ಮಾ ಹಳದಿ ಅಂತ ಕೇಳಿದ್ದಕ್ಕೆ, ಬಿಸಿಲಿನ ನಾಡಿನ ಹುಡುಗಿ, ಇಲ್ಲಿ ಮಳೆ ನೋಡಿ ಅಳ್ತಾಳೆ ಅಂದ್ಳು. ನಿಂಗೆ ಹೇಳಿರಲಿಲ್ವಾ?"

ಇಲ್ಲ, ನೀವು ಹೇಳಿರಲಿಲ್ಲ. ನಾನು ಅಂಗಡಿಯಿಂದ ಮನೆಗೆ ಹೇಗೆ ಬಂದೆನೋ. ಕೊಡೆ ಅಲ್ಲೇ ಬಿಟ್ಟು ಬಂದಿದ್ದೆ. ನೀವು ಬಳಿದ ಆ ಗೋಡೆಯ ಮುಂದೆ ನಿಂತೆ. ಮೂಲೆಗಳಲ್ಲಿ ಬ್ರಷ್ಷಿನ ಗೆರೆ ಎಷ್ಟು ನೇರವಾಗಿದೆ, ಅತ್ತೆಮ್ಮಾ. ನಿಮಗೂ ಏಣಿ ಹಿಡಿಯುವವರಿರಲಿಲ್ಲ. ಯಾರೋ ಗುರುತಿಲ್ಲದ ಹುಡುಗಿಗಾಗಿ ಹತ್ತಿ ಇಳಿದಿರಿ, ಅವಳು ಬಂದು ಕಾಯಿಲೆಯ ಮುಖ ಅಂದಳು. ನಮಗೆ ಮಗುವಾಗದೆ ಹೋದಾಗ ನೀವು ಆಡಿದ ಒಂದೆರಡು ಮಾತನ್ನು ನಾನು ಎದೆಯಲ್ಲಿ ಹತ್ತು ವರ್ಷ ಕಟ್ಟಿಟ್ಟುಕೊಂಡಿದ್ದೆ. ಹಾಗೆಯೇ ನೀವೂ ನನ್ನದೊಂದು ಮಾತು ಇಟ್ಟುಕೊಂಡಿದ್ದಿರೇನೋ, ನನಗದು ತಿಳಿಯಲೇ ಇಲ್ಲ. ತಪ್ಪಾಯಿತು. ಹದಿನೇಳು ವರ್ಷ ತಡವಾಗಿ ಹೇಳುತ್ತಿದ್ದೇನೆ. ಮನೆಯ ಉಳಿದ ಗೋಡೆಗೆಲ್ಲ ಅಕ್ಕಿಬಣ್ಣ ಬಳಿದಾಗಿತ್ತು. ನನ್ನ ಕೋಣೆಯ ನಾಲ್ಕು ಗೋಡೆಗೂ ಅಜ್ಜನ ಕೈಲಿ ಅದೇ ಹಳದಿ ಕಲಸಿಸಿ ಬಳಿದೆ. ಎರಡು ಸಲ ವಾಪಸ್ ಕೊಟ್ಟೆ, ನಿಮ್ಮಷ್ಟು ಬಿಸಿಲು ಬಂದಿರಲಿಲ್ಲ.

ಉಳಿದಿದ್ದು ದೇವರ ಪೀಠದ ಹಿಂದಿನ ಗೋಡೆ. ಅಲ್ಲಿ ಕೈಹಾಕಲು, ವರ್ಷದ ಕೊನೆಗೆ ದೇವರುಗಳು ಮೇಲಕ್ಕೆ, ಸ್ವರ್ಗಕ್ಕೆ ಹೋಗುವ ದಿನದವರೆಗೆ ಕಾಯಬೇಕಲ್ಲ, ಕಾದೆ. ನಿನ್ನೆ ಅಂಗಡಿಗೆ ರಜೆ ಹಾಕಿ, ಬೆಳಿಗ್ಗೆ ಹಣ್ಣು, ಸಿಹಿ ಇಟ್ಟು ಅವರನ್ನು ಕಳಿಸಿಕೊಟ್ಟೆ. ಆದರೂ ತೀರಿಕೊಂಡ ಹಿರಿಯರ ಫಲಕ ಅಲ್ಲೇ ಇರುತ್ತದೆ, ನನ್ನವರ ಹೆಸರೂ ಅದರಲ್ಲೇ. ಪ್ರತಿ ವರ್ಷ ನೀವೇ ಅಪ್ಪಣೆ ಕೇಳುತ್ತಿದ್ದಿರಿ, ನಾನು ಬಕೆಟ್ಟು ಹಿಡಿದು ಹಿಂದೆ ನಿಂತಿರುತ್ತಿದ್ದೆ. ಈ ಸಲ ನಾನೇ ಅಪ್ಪಣೆ ಕೇಳುವ ಆ ಎರಡು ಬಾಗಿದ ಮರದ ತುಂಡು ಕೈಯಲ್ಲಿ ಹಿಡಿದು, "ವೆನ್‌ಶುಂಗ್, ನಾನು ಥೋವಾ, ಗೋಡೆ ಕರ್ರಗಾಗಿದೆ, ಬಳಿಯಲಾ?" ಅಂತ ಕೇಳಿ ನೆಲಕ್ಕೆ ಹಾಕಿದೆ. ಎರಡೂ ಉಬ್ಬಿದ ಬೆನ್ನ ಮೇಲೆ ಬಿದ್ದವು, ಅಂದರೆ ನಕ್ಕರು. ಎರಡನೆಯ ಸಲವೂ ನಕ್ಕರು. ಬದುಕಿದ್ದಾಗಲೂ ನಾನು ಏನು ಕೇಳಿದರೂ ಅವರು ಹೀಗೇ ತಾನೇ. ಮೂರನೆಯ ಸಲ ಒಂದು ಅಂಗಾತ, ಒಂದು ಬೋರಲು. ಒಪ್ಪಿಗೆ. ಪೀಠ ಅಲುಗಿಸಲಿಲ್ಲ. ಬ್ರಷ್ಷಿಗೆ ಬಿದಿರುಕೋಲು ಕಟ್ಟಿ ಸಂದಿಯಲ್ಲಿ ತೂರಿಸಿ ಬಳಿದೆ. ಮೂವತ್ತು ವರ್ಷದ ಊದುಬತ್ತಿಯ ಹೊಗೆ, ಮೂರು ಕೋಟು ಹಾಕಿದ ಮೇಲೆ ಮಾಯವಾಯಿತು.

ನಿಮ್ಮ ಕೋಣೆ ಮುಗಿದು ಐದು ವಾರವಾಯಿತು. ವಾಸನೆ ಚೂರೂ ಇಲ್ಲ, ದಿನಾ ಮೂಗು ಗೋಡೆಗಿಟ್ಟು ನೋಡುತ್ತೇನೆ. ಮೊನ್ನೆ ಹನ್ನೊಂದು ದಿನ ಮಳೆ ಹೊಡೆಯಿತು, ಒಂದು ಕಡೆಯೂ ತೇವ ಏಳಲಿಲ್ಲ. ಹಾಸಿಗೆ ಹೊಸದು.

ಔಷಧಿ ತಪ್ಪಿಸಬೇಡಿ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳಿ. ಹೊಸ ವರ್ಷ ನಿಮ್ಮ ಎದೆಗೆ ಸುಖವಾದ ಉಸಿರು ತರಲಿ.

ನಿಮ್ಮ ಸೊಸೆ,
ಥೋವಾ

ಮತ್ತೊಂದು ಮಾತು: ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಇದನ್ನು ಸೇರಿಸುತ್ತಿದ್ದೇನೆ. ಕಾಗದ ಮುಗಿಸಿದ ಮೇಲೆ ಅಕ್ಕನಿಗೆ ಫೋನಿನಲ್ಲಿ ಬಣ್ಣದ ಸುದ್ದಿ ಹೇಳಿಬಿಟ್ಟೆ. "ಒಳ್ಳೇದಾಯ್ತು, ಆರನೇ ತಾರೀಕು ಬರೋರಿಗೆ ನೋಡೋಕೆ ಚೆನ್ನಾಗಿರುತ್ತೆ" ಅಂದರು. ಯಾರು ಬರುವವರು ಅಂತ ಕೇಳಿದೆ. ಮನೆ ಕೊಳ್ಳುವವರಂತೆ, ಹೊಸ ವರ್ಷದ ಆರನೆಯ ದಿನ. ಮನೆ ನಿಮ್ಮ ಹೆಸರಿನಲ್ಲಿದೆ, ಮಾರುವುದು ಬಿಡುವುದು ನಿಮ್ಮಿಷ್ಟ. ಮಾರುವುದಾದರೆ ನಾನೇ ಬಾಗಿಲು ತೆಗೆದು ಅವರಿಗೆ ಚಹಾ ಕೊಡುತ್ತೇನೆ. ಆದರೆ ಅವರಿಗಿಂತ ಮುಂಚೆ ನೀವು ನೋಡಬೇಕು. ವರ್ಷದ ಕೊನೆಯ ರಾತ್ರಿಯ ಊಟ ತಾಯಿಯಾದವಳು ಮಗನ ಮನೆಯಲ್ಲಿ ಮಾಡಬೇಕು ಅಂತ ನೀವೇ ಹೇಳುತ್ತಿದ್ದಿರಿ. ಮಗ ಇಲ್ಲಿ ಫಲಕದಲ್ಲಿದ್ದಾನೆ. ಬರುವ ಭಾನುವಾರ ಬೆಳಗಿನ ಗಾಡಿಗೆ ಹೊರಟು ಅಲ್ಲಿಗೆ ಬರುತ್ತೇನೆ. ಈ ಕಾಗದ ಮೊದಲು ತಲುಪುತ್ತದೋ, ನಾನೋ, ಗೊತ್ತಿಲ್ಲ. ಬೆಚ್ಚನೆಯ ಕೋಟು ಹೊರಗೆ ತೆಗೆದಿಟ್ಟುಕೊಂಡಿರಿ. ಹಬ್ಬದ ನೂಕುನುಗ್ಗಲು, ವಾಪಸ್ ಬರುವ ಗಾಡಿಯಲ್ಲಿ ಕೂರಲು ಒಂದೇ ಜಾಗ ಸಿಕ್ಕಿದೆ, ಕಿಟಕಿಯ ಪಕ್ಕ. ಅದು ನಿಮಗೆ. ನಾನು ನಿಂತು ಬರುತ್ತೇನೆ.