ತಿರುವಿ ತೊಟ್ಟ ಕೋಟು

ಲೀಟ್ರಿಮ್,
ಭಾನುವಾರ

ಪ್ರಿಯ ನೆಸ್ಸಾ ಅವರಿಗೆ,

ಬೈಬಲ್ ಮೇಲೆ ಕೈಯಿಟ್ಟು ಒಂದು ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ. ಅಂದು ನಿಮಗೆ ನಿಮ್ಮೂರು ಕಾರ್ಕಿಗೆ ಹೋಗುವ ಬಸ್ಸು ತಪ್ಪಿದ್ದು ನಿಮ್ಮ ತಪ್ಪಲ್ಲ; ಗುಡ್ಡದ ತಪ್ಪಲಿನಲ್ಲಿ ನಾನೇ ಬೇಕೆಂದು ಸುತ್ತುಬಳಸಿ ನಡೆಸಿದೆ. ಪ್ರವಾಸಿಗರಿಗೆ ದಾರಿ ತೋರಿಸುವುದೇ ಕಸುಬಾದ ನಾನು ಕಣ್ಣು ಕಟ್ಟಿ ಬಿಟ್ಟರೂ ಆ ಗುಡ್ಡ ಇಳಿಯಬಲ್ಲೆ. ಆದರೆ ನೀವು ಒಂದೊಂದು ಕುರಿಯನ್ನೂ ನಿಂತು ಮಾತಾಡಿಸುವುದನ್ನು ಇನ್ನಷ್ಟು ಹೊತ್ತು ನೋಡುವ ಆಸೆಯಾಯಿತು.

ನೀವು ಆ ರಾತ್ರಿ ನಮ್ಮ ಮನೆಯಲ್ಲಿ ತಂಗಿ ಹೋದಂದಿನಿಂದ ಅಮ್ಮ ಸೋಡಾ ಬ್ರೆಡ್ಡನ್ನು ಮೂವರಿಗೆಂದೇ ಕೊಯ್ಯುತ್ತಾಳೆ. ಸೆಪ್ಟೆಂಬರಿನಲ್ಲಿ ಬನ್ನಿ. ದೋಣಿಗೆ ಹೊಸದಾಗಿ ಟಾರು ಬಳಿದಿದ್ದೇನೆ, ಸರೋವರದ ನಡುವಿನ ದ್ವೀಪಕ್ಕೆ ಹೋಗೋಣ. ದಪ್ಪ ಕಾಲುಚೀಲ ತನ್ನಿ. ಬರುವುದಿಲ್ಲವಾದರೆ ಅದನ್ನೂ ಬರೆಯಿರಿ. ಅಮ್ಮ ಪ್ರತಿ ಬಸ್ಸಿಗೂ ಕಿಟಕಿಗೆ ಹೋಗುತ್ತಾಳೆ. ನಾನೂ.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಬೆನ್ನ ಹಿಂದೆ ನಿಂತು ಓದಿಬಿಟ್ಟಳು.

"ಮೊದಲನೇ ಕಾಗದದಲ್ಲೇ ಸುಳ್ಳೇನೋ, ಲೋರ್ಕನ್? ಆ ಹುಡುಗಿ ನಿನ್ನ ಕೋಟು ನೋಡಿಲ್ವಾ? ನಿಜ ಬರಿ, ಇಲ್ಲಾಂದ್ರೆ ಪೆನ್ನು ಇಲ್ಲಿ ಕೊಡು!"

ಬರೆಯುತ್ತೇನೆ. ನಮ್ಮ ಗುಡ್ಡದಲ್ಲಿ ದಾರಿ ತಪ್ಪಿಸುವ ಹುಲ್ಲುಹೆಂಟೆಯೊಂದಿದೆ, ಅದನ್ನು ತುಳಿದವರು ಕೋಟನ್ನು ಒಳಮೈ ಹೊರಗಾಗುವಂತೆ ತಿರುವಿ ತೊಟ್ಟರೆ ದಾರಿ ಸಿಗುತ್ತದೆ ಎಂದು ಇಲ್ಲಿಯವರ ನಂಬಿಕೆ. ನನ್ನ ಕೋಟಿನ ಅಸ್ತರು ಹೊರಗೆ ಬಂದದ್ದು ಕಂಡು ನೀವು ನಕ್ಕಾಗ, "ಮಳೆ ಬರೋ ಹಾಗಿದ್ರೆ ನಾವು ಹೀಗೇ ಹಾಕೋದು" ಎಂದಿದ್ದೆನಲ್ಲ? ಅಷ್ಟರಲ್ಲಿ, ನಿಮ್ಮನ್ನೇ ನೋಡುತ್ತ ನಡೆದ ನನಗೆ ನಿಜವಾಗಿಯೂ ದಾರಿ ತಪ್ಪಿಹೋಗಿತ್ತು. ಕೊನೆಗೆ ಮನೆ ಮುಟ್ಟಿಸಿದ್ದು ನಾನೂ ಅಲ್ಲ, ಕೋಟೂ ಅಲ್ಲ. ನೀವು ಮಾತಾಡಿಸಿದ ಕುರಿಗಳು ನಮ್ಮ ಮನೆ ಪಕ್ಕದ ಕೊಟ್ಟಿಗೆಗೆ ಹೊರಟಿದ್ದವು; ನಾನು ಅವುಗಳ ಹಿಂದೆ ನಡೆದೆ.

ನಿಮ್ಮ ದಾರಿ ಕಾಯುತ್ತಿರುವ,
ಲೋರ್ಕನ್